ಸಪ್ಪಳ ಓದಿಸಿದ ಅಕ್ಕೋರು

ಮೊದಲು ನನ್ನ ಪೆದ್ದುತನವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಬಂದರೆ ಅದಕ್ಕೆ ಒಗ್ಗರಣೆ ಬೀಳುತ್ತದೆ. ಎಲ್‌ಕೆಜಿ ಮಕ್ಕಳ ತಂದೆತಾಯಿಯರ ವಾಟ್ಸಾಪ್ ಗುಂಪಿಗೆ, ಆ ಕ್ಲಾಸಿನ ಟೀಚರಾದ ಅಕ್ಕೋರ ಫೋನಿನಿಂದ, ಅಕ್ಕೋರದೇ ದನಿಯಲ್ಲಿ, ಅಕ್ಕೋರಿಗೆ ಹೇಳದೆ ವಾಯ್ಸ್ ಮೆಸೇಜ್ ಕಳಿಸಿದವನು ನಾನು. ಅದರಲ್ಲಿದ್ದದ್ದು ಇಷ್ಟೇ: "ನಾಳೆ ಮಕ್ಕಳು ಪಾಟಿಚೀಲ ತರೋದು ಬೇಡ. ನಿಮ್ಮ ಮನೇಲಿ ಎಲ್ಲಕ್ಕಿಂತ ದೊಡ್ಡ ಸಪ್ಪಳ ಯಾವುದೈತೆ, ಅದನ್ನ ಕೊಟ್ಟು ಕಳಿಸ್ರಿ."

ಅಣಕಿಸುವುದು ನನ್ನ ಹುಟ್ಟುಗುಣ. ಕೊಟ್ಟೂರಿನ ನಮ್ಮ ಓಣಿಯಲ್ಲಿ ನಾನು ತೆಗೆಯದ ದನಿ ಉಳಿದಿಲ್ಲ. ಹಾಲಿನವನ ಕೂಗು, ಬಸ್‌ಸ್ಟ್ಯಾಂಡಿನ ಮೈಕು, ನಮ್ಮಪ್ಪ ಮೂಗಿನಲ್ಲೇ ಮುಗಿಸುವ 'ಹೂಂ', ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಅವ್ವ ಆಗಾಗ ಕೇಳುತ್ತಾಳೆ. ಅದು ನನಗೂ ಸರಿಯಾಗಿ ಗೊತ್ತಿಲ್ಲ. ಡಿ.ಎಡ್. ಮುಗಿಸಿ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯ ಒಂದೂರಿನ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕನಾಗಿ ಸೇರಿದೆ. ಅತಿಥಿಗೆ ಊಟ ಹಾಕಿ ಕಳಿಸುವುದು ಲೋಕರೂಢಿ. ನಮಗೆ ಹಾಕುತ್ತಿದ್ದದ್ದು ಮಕ್ಕಳ ಬಿಸಿಯೂಟವೇ. ಅದಕ್ಕೂ ಸಾಲಿನಲ್ಲಿ ನಿಲ್ಲಬೇಕಿತ್ತು.

ಆ ಶಾಲೆಯ ಮೂಲೆಕೋಣೆಯಲ್ಲಿ ಹೊಸದಾಗಿ ಶುರುವಾಗಿದ್ದ ಎಲ್‌ಕೆಜಿ ಅಕ್ಕೋರದು. ನಾನು ಅವರಿಗೆ ಸಹಾಯಕ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತೇವೆ. ಅವರಿಗೆ ಬೇರೆ ಹೆಸರೊಂದು ಇದೆ, ಆದರೆ ಇಲ್ಲಿ ಹಾಕಬಾರದೆಂದು ತಾಕೀತಾಗಿದೆ. ಹೆಸರು ಹಾಕಿದರೆ ತಪ್ಪು ಹುಡುಕುವವರು ವಿಳಾಸ ಕೇಳಿಕೊಂಡು ಮನೆಗೇ ಬರುತ್ತಾರಂತೆ. ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನ ಕೈಗೆ ಮೈಕು ಕೊಟ್ಟರು. ನಾನು ಹೆಡ್ ಮಾಸ್ತರರ ದನಿ ತೆಗೆದೆ, ಅಡುಗೆಯಮ್ಮನ ದನಿ ತೆಗೆದೆ, ಎಲ್ಲರನ್ನೂ ನಗಿಸಿದೆ, ಇಳಿದು ಬಂದೆ. ಹೇಳಬೇಕಾದ್ದು ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಬರಹ.

ಅಕ್ಕೋರು ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆಯವರು, ಮನೆ ಮಾಡಿದ್ದು ಹರಪನಹಳ್ಳಿಯಲ್ಲಿ. ನಮ್ಮ 'ಐತಿ' ಅವರ ಬಾಯಲ್ಲಿ 'ಐತೆ' ಆಗುತ್ತಿತ್ತು. ನಾನು ಅವರ ದನಿಗೆ ಕೈ ಹಾಕಿದ್ದೇ ಆ 'ಐತೆ'ಯಿಂದ. ದಿನಾ ಬೆಳಿಗ್ಗೆ ಅವರು ಬರುವ ಬಸ್ಸನ್ನೇ ನಾನು ಕೊಟ್ಟೂರಿನಲ್ಲಿ ಹತ್ತುತ್ತಿದ್ದೆ. ಹತ್ತುವ ಮೊದಲೇ ಅವರು ಒಳಗಿದ್ದಾರೋ ಇಲ್ಲವೋ ಗೊತ್ತಾಗುತ್ತಿತ್ತು. ಒಳಗಿದ್ದರೆ ಕಂಡಕ್ಟರ್ ಸಪ್ಪಗಿರುತ್ತಿದ್ದ. ಗಿಡ್ಡಗಿನ ಗಟ್ಟಿ ಮೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಣೆಯ ಮೇಲಕ್ಕೇರಿದ ಕನ್ನಡಕ, ತೊಡೆಯ ಮೇಲೊಂದು ಉಬ್ಬಿದ ವ್ಯಾನಿಟಿ ಬ್ಯಾಗು. ಆ ಬ್ಯಾಗಿನಲ್ಲಿ ಹೆಂಗಸರ ಸಾಮಾನು ಒಂದೂ ಇರುತ್ತಿರಲಿಲ್ಲ. ಸೋಪಿನ ಕವರು, ಬಾಟಲಿ ಮುಚ್ಚಳ, ಒಣಗಿದ ಎಲೆ, ಮುರಿದ ಸೀಮೆಸುಣ್ಣ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮುದ್ದೆ ಕೆರೆಮಣ್ಣು. ಒಮ್ಮೆ ಕಂಡಕ್ಟರನಿಗೆ ಚಿಲ್ಲರೆ ಕೊಡಲು ಹೋಗಿ ಮಣ್ಣಿನ ಮುದ್ದೆಯನ್ನೇ ಕೊಟ್ಟರು. ಅವನು ಅದನ್ನು ಇಸಿದುಕೊಂಡು ಟಿಕೆಟನ್ನೂ ಕೊಟ್ಟ. ಅಷ್ಟು ಹೆದರುತ್ತಿದ್ದ.

ತಾವು ದೊಡ್ಡ ಟೀಚರ್ ಅನ್ನುವುದರಲ್ಲಿ ಅಕ್ಕೋರಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ವಿನಯ ಅನ್ನುವುದನ್ನು ಅವರು ಹರಪನಹಳ್ಳಿಯಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದರು. ತರಬೇತಿಗೆ ಬಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಪುಟ್ಟ ಮಕ್ಕಳಿಗೆ ಓದು ಬರಹ ಹತ್ತಬೇಕಾದರೆ ಚಿತ್ರ, ದನಿ, ಅಭಿನಯ, ಸ್ಪರ್ಶ ಎಲ್ಲವೂ ಬೇಕೆಂದು ಉದ್ದಕ್ಕೆ ವಿವರಿಸಿದಾಗ ಇವರು ನನ್ನ ಕಿವಿಯಲ್ಲಿ, ಈಯಪ್ಪ ಯಾವಾಗಲೋ ನನ್ನ ಕ್ಲಾಸಿನ ಕಿಟಕಿಯಲ್ಲಿ ನಿಂತಿದ್ದ ಕಾಣುತ್ತೆ ಅಂದರು. ಮನೆಗೆ ಐದು ಬಾಗಿಲು ಇಟ್ಟು, ಬಂದವರನ್ನೆಲ್ಲ ಒಂದರಲ್ಲೇ ನೂಕಿದರೆ ಕಾಲ್ತುಳಿತ ಆಗದೆ ಏನಾಗುತ್ತೆ ಅನ್ನುವುದು ಅವರ ವಾದ. ಬಾಗಿಲು ಅಂದರೆ ಕಣ್ಣು, ಕಿವಿ, ಮೂಗು, ಕೈ, ಬಾಯಿ.

ಅವರ ಮೊದಲ ಕಾಯಿದೆ: ಮಗು ಬರೆದ ಚಿತ್ರ ನೋಡಿ 'ಇದೇನಿದು' ಅಂತ ಕೇಳಬಾರದು. 'ಇಲ್ಲಿ ಏನಾಗ್ತೈತೆ' ಅಂತ ಕೇಳಬೇಕು. ಆ ಕಾಯಿದೆ ಗೊತ್ತಿಲ್ಲದ ನನ್ನ ಮೊದಲ ವಾರದಲ್ಲಿ ಮೆಕ್ಯಾನಿಕ್ ದಾದಾಪೀರನ ಮಗ ರಿಹಾನ್ ಹಾಳೆಯ ತುಂಬ ಕಪ್ಪು ಕ್ರೇಯಾನ್ ತಿಕ್ಕುತ್ತಿದ್ದ. ಇದೇನೋ, ಎಮ್ಮೆಯಾ ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. "ಕರೆಂಟ್ ಹೋಗೈತ್ರಿ" ಅಂದ. ಅಕ್ಕೋರು ಬಂದು ಅದೇ ಹಾಳೆಯ ಮುಂದೆ ಕೂತು, ಇಲ್ಲಿ ಏನಾಗ್ತೈತೆ ಅಂತ ಕೇಳಿದರು. ಹುಡುಗ ಆ ಕಪ್ಪಿನ ಮೇಲೆ ಬೆರಳಾಡಿಸುತ್ತ ಅವ್ವ ಮೇಣದಬತ್ತಿ ಹುಡುಕಿದ್ದು, ಅಪ್ಪನ ಕಾಲಿಗೆ ಸ್ಪ್ಯಾನರ್ ತಾಗಿದ್ದು, ಅಪ್ಪ ಅಂದದ್ದು, ಎಲ್ಲವನ್ನೂ ಹೇಳಿದ. ಅಪ್ಪ ಅಂದದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ.

ಅವರ ಪಾಠಗಳಿಗೆ ತಲೆಬುಡ ಇರುವುದಿಲ್ಲವೆಂದು ಪಕ್ಕದ ಮೂರನೇ ತರಗತಿಯ ಮಾಸ್ತರರು ದೂರುತ್ತಲೇ ಇದ್ದರು. ಅದರಲ್ಲಿ ಸುಳ್ಳೂ ಇರಲಿಲ್ಲ. ಒಂದು ಸಾರಿ 'ಮನೆಯಿಂದ ಒಂದು ವಾಸನೆ ತರ್ರಿ' ಅಂದರು. ಒಬ್ಬಳು ಕರ್ಚೀಫಿನಲ್ಲಿ ಇಂಗು ಕಟ್ಟಿಕೊಂಡು ಬಂದಳು. ಒಬ್ಬ ಮಿರ್ಚಿ ಕಟ್ಟಿದ ಎಣ್ಣೆಕಾಗದ ತಂದ, ಮಿರ್ಚಿಯನ್ನು ದಾರಿಯಲ್ಲೇ ಮುಗಿಸಿದ್ದ. ರಿಹಾನ್ ತಂದದ್ದು ಪೆಟ್ರೋಲ್ ಬಟ್ಟೆ. ಕಣ್ಣು ಕಟ್ಟಿದ ಮಕ್ಕಳು ಒಂದೊಂದನ್ನೇ ಮೂಸಿ, ಇದು ಯಾರ ಮನೆ ಅಂತ ಹೇಳಬೇಕು. ಹೇಳಿದ್ದನ್ನು ಮಣ್ಣಿನಲ್ಲೋ ಸೀಮೆಸುಣ್ಣದಲ್ಲೋ ಮಾಡಿ ತೋರಿಸಬೇಕು. ಆಮೇಲೆ ಎಲ್ಲವನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟು 'ಓದಬೇಕು'. ಅಕ್ಕೋರು ಆ ಸಾಲಿನ ಮುಂದೆ ಎಡದಿಂದ ಬಲಕ್ಕೆ ನಡೆಯುತ್ತಿದ್ದರು. ಬಲದಿಂದ ಎಡಕ್ಕೆ ಅವರು ನಡೆದದ್ದನ್ನು ಆ ಕೋಣೆಯಲ್ಲಿ ನಾನು ನೋಡೇ ಇಲ್ಲ. ತಿರುಗಿ ಬರಬೇಕಾದರೆ ಮಕ್ಕಳ ಬೆನ್ನ ಹಿಂದಿನಿಂದ ಸುತ್ತು ಹಾಕಿ ಬರುತ್ತಿದ್ದರು.

ರಸ್ತೆಯಲ್ಲಿ ಬಸ್ಸು ಬಂದರೆ ಪಾಠ ನಿಲ್ಲುತ್ತಿತ್ತು. ಕಿಟಕಿ ನೋಡದೆಯೇ ಮಕ್ಕಳು, ಇದು ಕೂಡ್ಲಿಗಿ ಬಸ್ಸು, ಇದು ಹಡಗಲಿ ಬಸ್ಸು, ಹಡಗಲಿದು ಕೆಮ್ಮತೈತಿ, ಅನ್ನುತ್ತಿದ್ದರು. ಬೋರ್ಡು ಓದಲು ಬರುವ ನಾನು ಎರಡು ಸಲ ತಪ್ಪು ಬಸ್ಸು ಹತ್ತಿದ್ದೆ, ಆ ಮಕ್ಕಳಲ್ಲಿ ಒಬ್ಬರೂ ಹತ್ತುತ್ತಿರಲಿಲ್ಲ. ಅದೂ ಓದೇ ಅಲ್ವೇನಪ್ಪಾ, ಅಕ್ಷರ ಅನ್ನೋದು ಹಿಂದಿನ ಬಸ್ಸಲ್ಲಿ ಬರ್ತೈತೆ, ಇವರು ನಿಲ್ದಾಣದಲ್ಲಿ ನಿಂತಿದಾರೆ ಅಂತ ಅಕ್ಕೋರು ಹೇಳುತ್ತಿದ್ದರು.

ಇಂಥ ಉತ್ಸಾಹದ ನಡುವೆ ನನ್ನ ಕೆಲಸ ಏನಿತ್ತು? ನಗಿಸುವುದು. ನೀನೊಂದು ದಿನ ಕ್ಲಾಸು ತಗೋಳಪ್ಪ ಅಂತ ಅವರು ಹೇಳಿದಾಗಲೆಲ್ಲ ನಾನು ಕೋಳಿ, ಲಾರಿ, ಹೆಡ್ ಮಾಸ್ತರು, ಎಲ್ಲರ ದನಿ ತೆಗೆದು ಮಕ್ಕಳನ್ನು ಉರುಳಾಡಿಸಿ, ಗಂಟೆ ಹೊಡೆಯುತ್ತಿದ್ದಂತೆ ಜಾಗ ಖಾಲಿ ಮಾಡುತ್ತಿದ್ದೆ. ಮಕ್ಕಳು ನಕ್ಕರು ಅಂತ ನಾನು ಬೀಗುತ್ತಿದ್ದೆ. ನಕ್ಕು ಏನು ಮಾಡಿದರು ಅಂತ ಅಕ್ಕೋರು ಕೇಳುತ್ತಿದ್ದರು. ಅದಕ್ಕೆ ನಾನು ಇನ್ನೊಂದು ದನಿ ತೆಗೆಯುತ್ತಿದ್ದೆ.

ಈಗ ಆ ಮೆಸೇಜಿನ ವಿಷಯ. ಆ ಗುಂಪಿನಲ್ಲಿ ಅಕ್ಕೋರು ಅಕ್ಷರ ಬರೆಯುತ್ತಿರಲಿಲ್ಲ. ಎಷ್ಟೋ ತಾಯಂದಿರಿಗೆ ಓದಲು ಬರುವುದಿಲ್ಲ, ಕೇಳಿಸಿಕೊಳ್ಳಲು ಎಲ್ಲರಿಗೂ ಬರುತ್ತದೆ ಅಂತ ಮಕ್ಕಳ ಚಿತ್ರದ ಫೋಟೋ ಹಾಕಿ, ಕೆಳಗೆ ತಮ್ಮ ದನಿ ಹಾಕುತ್ತಿದ್ದರು. ಕನ್ನಡಕ ಹಣೆ ಬಿಟ್ಟು ಮೂಗಿಗೆ ಇಳಿಯುವುದು ಕಷ್ಟವಾದ್ದರಿಂದ ಫೋಟೋ ಹಾಕುವ ಕೆಲಸ ನನ್ನದು. ಅವತ್ತು ಸಂಜೆ ಫೋಟೋ ಹಾಕುತ್ತ, ಇವರ ದನಿಯಲ್ಲೇ ಒಂದು ಹುಚ್ಚು ಮನೆಗೆಲಸ ರೆಕಾರ್ಡ್ ಮಾಡಿ ಇವರಿಗೇ ಕೇಳಿಸೋಣ ಅನ್ನಿಸಿತು. ಗುಂಡಿಯಿಂದ ಬೆರಳೆತ್ತಿದರೆ ಮೆಸೇಜು ಹೊರಟುಬಿಡುತ್ತದೆ ಅನ್ನುವುದು ಇಡೀ ಊರಿಗೆ ಗೊತ್ತು. ನನಗೂ ಗೊತ್ತು. ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಅಳಿಸಬೇಕು ಅನ್ನುವಷ್ಟರಲ್ಲಿ ಯಾರೋ ತಾಯಿ "ಆತ್ರಿ ಅಕ್ಕೋರ" ಅಂತ ಉತ್ತರ ಕಳಿಸಿಯಾಗಿತ್ತು. ಅಷ್ಟರಲ್ಲಿ ಬಸ್ಸು ಬಂತೆಂದು ಅಕ್ಕೋರು ನನ್ನ ಕೈಯಿಂದ ಫೋನು ಕಿತ್ತುಕೊಂಡು ಓಡಿದರು. ನಾನು ಅವತ್ತು ಅವರ ಜೊತೆ ಬಸ್ಸು ಹತ್ತುವ ಧೈರ್ಯ ಮಾಡದೆ ಯಾರದೋ ಬೈಕಿನ ಹಿಂದೆ ಕೂತು ಊರು ಸೇರಿದೆ.

ಮರುದಿನ ಶಾಲೆಯ ಗೇಟಿನ ಬಳಿ ಬಂದಾಗ ಹೆಡ್ ಮಾಸ್ತರರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದರು. ಒಳಗೆ ಸಂತೆ ನೆರೆದಂತಿತ್ತು. ಒಬ್ಬಳು ಕುಕ್ಕರಿನ ಸೀಟಿ ತಂದಿದ್ದಳು, ಕುಕ್ಕರ್ ಭಾರ ಅಂತ ಅವ್ವ ಸೀಟಿಯನ್ನಷ್ಟೇ ಕೊಟ್ಟಿದ್ದಳು, ಅದಕ್ಕೆ ಬಾಯಿಂದ 'ಸುಂಯ್' ಅನ್ನುವ ಜವಾಬ್ದಾರಿ ಹುಡುಗಿಯದೇ. ಒಬ್ಬ ಆಡಿನ ಮರಿಯನ್ನು ಹಗ್ಗ ಹಿಡಿದು ಎಳೆತಂದಿದ್ದ. ದಾದಾಪೀರ ಸ್ವತಃ ಬಂದು ಹಳೇ ಬೈಕಿನ ಸೈಲೆನ್ಸರ್ ಇಳಿಸಿ, ಇದನ್ನು ಊದಿದರೆ ಅರ್ಧ ಸಪ್ಪಳ ಬರುತ್ತದೆ, ಪೂರ್ತಿ ಬೇಕಾದರೆ ಬೈಕನ್ನೇ ತರಬೇಕಾಗುತ್ತದೆ ಅಂತ ನನಗೆ ತಿಳಿಸಿ ಹೇಳಿದ. ಎಲ್ಲಕ್ಕಿಂತ ಮಿಗಿಲಾಗಿ ವೀರೇಶ ಅನ್ನುವ ಹುಡುಗ ತನ್ನ ಅಜ್ಜಿಯನ್ನು ಕೈ ಹಿಡಿದು ಕರೆತಂದಿದ್ದ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಪ್ಪಳ ಇಲ್ಲ ಅಂತ ಸೊಸೆ ಹೇಳಿ ಕಳಿಸಿದ್ದಳಂತೆ. ನಾಗಮ್ಮಜ್ಜಿಗೆ ಅದು ಗೊತ್ತಿರಲಿಲ್ಲ. ತನ್ನ ದನಿಯ ಖ್ಯಾತಿ ಶಾಲೆಯವರೆಗೆ ಮುಟ್ಟಿದೆ ಅಂತ ಹೊಸ ಸೀರೆ ಉಟ್ಟು ಬಂದಿದ್ದಳು.

ಅಕ್ಕೋರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಆಡನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಸೈಲೆನ್ಸರಿನ ಕಡೆ ನೋಡಿದೆ. ಅವರು ಸೆರಗು ಸಿಕ್ಕಿಸಿಕೊಂಡರು, ಅಷ್ಟೇ. ಪಾಠ ಶುರುವಾಯಿತು.

ಅಂಥ ಪಾಠವನ್ನು ನಾನು ಆಮೇಲೂ ನೋಡಿಲ್ಲ. ಮೊದಲು ಎಲ್ಲರೂ ಕಣ್ಣು ಮುಚ್ಚಿ ಒಂದು ಸಪ್ಪಳ ಕೇಳಬೇಕು. ಆಮೇಲೆ ಅದು ಹೆಂಗೆ ಹೋಯಿತು ಅಂತ ಗಾಳಿಯಲ್ಲಿ ಕೈಯಿಂದ ತೋರಿಸಬೇಕು. ಆಮೇಲೆ ನೆಲದ ಮೇಲೆ ಸೀಮೆಸುಣ್ಣ. ಕುಕ್ಕರಿನದು ಮೇಲಕ್ಕೇರಿ ಏರಿ ಕೊನೆಗೆ ಹೂವಿನಂತೆ ಒಡೆಯಿತು. ಸೈಲೆನ್ಸರಿನದು ಗರಗಸದ ಹಲ್ಲಾಯಿತು. ಆಡು ಕೂಗಲು ಒಪ್ಪದೆ ಹಾಜರಿ ಪುಸ್ತಕದ ಕಡೆ ಬಾಯಿ ಹಾಕಿದ್ದರಿಂದ ಅದರ ಗೆರೆಯನ್ನು ನಾನು ಕೂಗಿ ಬರೆಸಬೇಕಾಯಿತು. ನಾಗಮ್ಮಜ್ಜಿ ಮೊಮ್ಮಗನನ್ನು ಕೆರೆಯ ಆಚೆ ದಂಡೆಯಿಂದ ಊಟಕ್ಕೆ ಕರೆಯುವ ಕೂಗು ಹಾಕಿದಳು. ಮಕ್ಕಳು ಆ ಗೆರೆ ಎಳೆಯುತ್ತ ಎಳೆಯುತ್ತ ಬಾಗಿಲು ದಾಟಿ, ವರಾಂಡ ದಾಟಿ, ಮೂರನೇ ತರಗತಿಯ ಹೊಸ್ತಿಲಿಗೆ ಹೋಗಿ ನಿಂತರು. ಆಮೇಲೆ ಅಕ್ಕೋರು ಕೋಲು ಹಿಡಿದು ಗೆರೆಗಳ ಮೇಲೆ ಎಡದಿಂದ ಬಲಕ್ಕೆ ನಡೆದರು. ಕೋಲು ಎಲ್ಲಿ ಹೋಗುತ್ತದೋ ಅಲ್ಲಿನ ಸಪ್ಪಳ ಮಕ್ಕಳ ಬಾಯಿಂದ. ಕೋಲು ನಿಂತರೆ ಮೌನ. ನೆಲದ ಮೇಲೆ ಇದ್ದದ್ದು ಬಾಯಿಗೆ ಬರುತ್ತದೆ, ಬಾಯಲ್ಲಿದ್ದದ್ದು ನೆಲಕ್ಕೆ ಇಳಿಯುತ್ತದೆ ಅನ್ನುವುದು ಆ ಮಕ್ಕಳಿಗೆ ಹೊಳೆದ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ. ಅವರು ಕುಣಿದರು. ನಾನೂ ಕುಣಿದೆ. ಆಡು ಹಾಜರಿ ಪುಸ್ತಕದ ಮೂಲೆ ತಿಂದು ಮುಗಿಸಿತು.

ಅವತ್ತು ಬರಿಗೈಯಲ್ಲಿ ಬಂದವಳು ಒಬ್ಬಳೇ, ಸಿಂಚನಾ. ಮೆಕ್ಕೆಜೋಳದ ವ್ಯಾಪಾರಿ ಕೊಟ್ರಣ್ಣನ ಮಗಳು. ಯಾಕವ್ವಾ ಏನೂ ತರಲಿಲ್ಲ ಅಂತ ಅಕ್ಕೋರು ಕೇಳಿದರೆ ಅವಳು ತಲೆ ತಗ್ಗಿಸಿ ಹೇಳಿದಳು: "ತರಾಕ ಆಗ್ಲಿಲ್ರಿ. ನಮ್ಮಪ್ಪ ಅಂಗಡ್ಯಾಗ ಅದಾನ."

ನನಗೆ ನಗು ಉಕ್ಕಿತು. ಅಕ್ಕೋರು ನನ್ನ ಕಾಲು ತುಳಿದು, ಹಂಗಾದರೆ ಬರಿ ಅಂತ ಅವಳಿಗೆ ಹಾಳೆ ಕೊಟ್ಟರು. ಅವಳು ಎಡಮೂಲೆಯಲ್ಲಿ ದೊಡ್ಡ ಬಾಯಿ ಬರೆದಳು. ಬಾಯಿಂದ ಹೊರಟ ಕೆಂಪು ಗೆರೆ ಕುಣಿದು, ಕುಪ್ಪಳಿಸಿ, ಹಾಳೆ ಮುಗಿದರೂ ಮುಗಿಯಲಿಲ್ಲ. ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಎಲ್ಲ ಮುಗಿದ ಮೇಲೆ ಅವಳು ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಚಿಕ್ಕಚಿಕ್ಕ ಚುಕ್ಕೆಗಳ ಸಾಲೊಂದನ್ನು ಇಟ್ಟಳು. ಇವು ಇರುವೆಗಳಾ ಅಂದೆ. ರಿಹಾನ್ ನೋಡಿದ ಹಾಗೆಯೇ ಅವಳೂ ನನ್ನನ್ನು ನೋಡಿದಳು. ಉಳಿದ ಮಕ್ಕಳೂ ನೆಲದ ಗೆರೆಗಳನ್ನು ಹಾಳೆಗೆ ಇಳಿಸಿದರು, ಹಾಳೆಗಳೆಲ್ಲ ಗೋಡೆಗೆ ಏರಿದವು. ದಿನಾ ಬೆಳಿಗ್ಗೆ ಗೋಡೆ ಓದದೆ ಕ್ಲಾಸು ಶುರುವಾಗುತ್ತಿರಲಿಲ್ಲ. ಆ ಚುಕ್ಕೆಗಳ ಸಾಲನ್ನು ಮಾತ್ರ ಸಿಂಚನಾ ಯಾರಿಗೂ ಓದಿ ತೋರಿಸಿರಲಿಲ್ಲ.

ಆದರೆ ಆಡಿನ ವಿಡಿಯೋ ಯಾರ ಫೋನಿನಿಂದಲೋ ಊರ ಗುಂಪಿಗೆ ಹೋಯಿತು. ಎರಡೇ ದಿನದಲ್ಲಿ ನಮ್ಮ ಕ್ಲಾಸಿಗೆ ಆಡಿನ ಸಾಲಿ ಅನ್ನುವ ಹೆಸರು ಬಿತ್ತು. ಕೊಟ್ರಣ್ಣನಿಗೆ ಅದು ಮುಖಕ್ಕೆ ಹೊಡೆದಂತಾಯಿತು. ಕೊಟ್ಟೂರಿನ ಕಾನ್ವೆಂಟಿನ ವ್ಯಾನು ಊರ ಬಾಗಿಲವರೆಗೆ ಬರುತ್ತಿತ್ತು, ಅದರಲ್ಲಿ ಹೋಗುವ ಮಕ್ಕಳು ನೋಟ್‌ಬುಕ್ಕಿನ ತುಂಬ ಬರೆದು ತರುತ್ತಿದ್ದರು. ತನ್ನ ಮಗಳ ಚೀಲದಲ್ಲಿ ಒಂದು ಅಕ್ಷರ ಇಲ್ಲ, ಒಣಗಿದ ಎಲೆ ಇದೆ. ಸೋಮವಾರದಿಂದ ವ್ಯಾನಿಗೆ ಹತ್ತಿಸುತ್ತೇನೆ ಅಂದ. ಅವನ ಮಾತು ಅಂದರೆ ಅವನ ಓಣಿಯ ಮಾತು. ಸಿಂಚನಾ ಹೋದರೆ ಓಣಿಯ ಮಕ್ಕಳೆಲ್ಲ ಹೋಗುತ್ತಾರೆ, ಅವರು ಹೋದರೆ ಸಂಖ್ಯೆ ಸಾಲದೆ ಎಲ್‌ಕೆಜಿ ಮುಚ್ಚುತ್ತದೆ, ಮುಚ್ಚಿದರೆ ಉಳಿದ ಮಕ್ಕಳು ಮನೆಯಲ್ಲೇ. ವ್ಯಾನಿಗೆ ಕೊಡಲಾಗದವರ ಮಕ್ಕಳು ಅವರು. ಹೆಡ್ ಮಾಸ್ತರರು ಶನಿವಾರ ಪೋಷಕರ ಸಭೆ ಕರೆದರು.

ನಾನು ಆ ವಾರ ಯಾರ ದನಿಯನ್ನೂ ತೆಗೆಯಲಿಲ್ಲ. ಬೆಕ್ಕಿಗೆ ಹುಷಾರಿಲ್ಲವೇ ಅಂತ ಅವ್ವ ಕೇಳಿದಳು. ಮನೆಯಲ್ಲಿ ಬೆಕ್ಕಿನ ದನಿ ತೆಗೆಯುವವನೂ ನಾನೇ, ಆ ವಾರ ಮಿಯಾಂವ್ ಸಹ ಅಂದಿರಲಿಲ್ಲ. ಬಸ್ಸಿನಲ್ಲಿ ಅಕ್ಕೋರ ಪಕ್ಕ ಕೂತು, ಇವತ್ತು ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಲೇ ಶಾಲೆ ಬಂದುಬಿಡುತ್ತಿತ್ತು. ಅವರು ಮಾತ್ರ ಮುಂದಿನ ವಾರಕ್ಕೆ ಮಕ್ಕಳಿಂದ ನೆರಳು ತರಿಸಬೇಕು, ನೆರಳನ್ನು ಕತ್ತರಿಸಿ ಗೋಡೆಗೆ ಹಚ್ಚಬೇಕು ಅಂತ ಕಿಟಕಿಯಾಚೆ ನೋಡುತ್ತ ಹೇಳುತ್ತಿದ್ದರು. ಮುಂದಿನ ವಾರ ಕ್ಲಾಸು ಇರುತ್ತದೋ ಇಲ್ಲವೋ ಅನ್ನುವುದು ಅವರ ಲೆಕ್ಕದಲ್ಲೇ ಇರಲಿಲ್ಲ. ಇತ್ತೋ ಏನೋ. ಆ ಶುಕ್ರವಾರ ಅವರು ಕಂಡಕ್ಟರನ ಜೊತೆ ಜಗಳವಾಡಲಿಲ್ಲ.

ಸಭೆ ನಮ್ಮ ಮೂಲೆಕೋಣೆಯಲ್ಲೇ. ದೊಡ್ಡವರೆಲ್ಲ ಚಿಕ್ಕ ಮಣೆಗಳ ಮೇಲೆ ಮೊಣಕಾಲು ಎದೆಗೆ ಹಚ್ಚಿ ಕೂತರು, ಮಕ್ಕಳು ಕಿಟಕಿಗೆ ಜೋತುಬಿದ್ದರು. ಕೊಟ್ರಣ್ಣ ಎದ್ದು, ಫೋನು ಎತ್ತಿ ಹಿಡಿದು ಆ ಮೆಸೇಜು ಕೇಳಿಸಿದ. ನನ್ನ ಬದುಕಿನ ಅತ್ಯುತ್ತಮ ಅಣಕು ಅದು. ಕೋಣೆಯಲ್ಲಿ ಇಬ್ಬರು ಅಕ್ಕೋರು ಇದ್ದಂತಿತ್ತು. ಇದು ಟೀಚರ್ ಆಡುವ ಮಾತೇನು ಅಂತ ಅವನು ಕೇಳಿದ.

ನಾನು ಎದ್ದು ನಿಂತೆ. ಅದು ನನ್ನ ದನಿ, ಅಕ್ಕೋರಿಗೆ ಗೊತ್ತೇ ಇಲ್ಲ, ತಪ್ಪೆಲ್ಲ ನನ್ನದು ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಕೊಟ್ರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಂಗಾದರೆ ಈಗ ಮಾಡಿ ತೋರಿಸು ಅಂದ. ನಾನು ಬಾಯಿ ತೆರೆದೆ. ಎದುರಿಗೆ ಅಕ್ಕೋರು ಕೂತು ನನ್ನನ್ನೇ ನೋಡುತ್ತಿದ್ದರು. ಅಸಲು ಕಣ್ಣೆದುರು ಕೂತಾಗ ನಕಲಿಗೆ ಗಂಟಲು ಏಳುವುದಿಲ್ಲ ಅನ್ನುವುದು ಅವತ್ತು ತಿಳಿಯಿತು. ಹಾಲು ಬಿಡಿಸಿದ ಕರುವಿನಂಥ ಸಣ್ಣ ಸಪ್ಪಳವೊಂದು ಬಂತು, ಅದೂ ಅರ್ಧಕ್ಕೆ ಸತ್ತಿತು. ಇಡೀ ಕೊಟ್ಟೂರನ್ನು ಅಣಕಿಸಿದವನು ಒಬ್ಬ ಟೀಚರಮ್ಮನ ಮುಂದೆ ಕೆಟ್ಟುಹೋದ ಹಾರ್ನ್ ಆಗಿದ್ದೆ.

ದಾದಾಪೀರ ನನ್ನ ಬೆನ್ನು ಸವರಿದ. "ಬಿಡ್ರಿ ಮಾಸ್ತರ. ಅಕ್ಕೋರ ಮ್ಯಾಲ ನಿಮಗ ಎಷ್ಟು ಗೌರವ ಐತಿ ಅಂತ ನಮಗ ತಿಳೀತು."

ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಸುಳ್ಳು ಹೇಳಿದರೆ ನಂಬುವ ಊರಿನಲ್ಲಿ ನಿಜ ಹೇಳಿ ಮಹಾತ್ಮನಾದೆ. ಅಕ್ಕೋರು ಕೈ ಸನ್ನೆಯಿಂದ ನನ್ನನ್ನು ಕೂರಿಸಿ, ಮೆಸೇಜು ನನ್ನದೇ ಅಂತ ಇಟ್ಟುಕೊಳ್ಳಿ, ಮುಂದಿನದು ಹೇಳಿ ಅಂದರು.

ಕೊಟ್ರಣ್ಣ ಮುಂದಿನದು ಹೇಳಿದ. "ನಮ್ಮ ಹುಡುಗಿಗೆ ಓದಾಕ ಏನು ಬರತೈತಿ, ಇವತ್ತ ತೋರಸ್ರಿ. ಬರಲಿಲ್ಲಂದ್ರ ಸೋಮವಾರ ವ್ಯಾನು."

ಅಕ್ಕೋರು ಪುಸ್ತಕ ತರಿಸಲಿಲ್ಲ. ಸಿಂಚನಾಳನ್ನು ಒಳಗೆ ಕರೆದು, ನಿನ್ನ ಹಾಳೆ ಓದವ್ವಾ ಅಂದರು. ಇಷ್ಟು ಹಾಳೆಗಳಿರುವಾಗ ಅದನ್ನೇ ಓದಿಸಬೇಕೆ? ಆಡಿನದು ಇತ್ತು, ಕುಕ್ಕರಿನದು ಇತ್ತು. ಹುಡುಗಿ ಗೋಡೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಎಡಮೂಲೆಯ ದೊಡ್ಡ ಬಾಯಿಯ ಮೇಲೆ ಬೆರಳಿಟ್ಟಳು. ಇನ್ನೊಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಏಯ್, ಯಾವನಲೇ ಅವನು ಚೀಲ ಬಿಸಿಲಿಗೆ ಇಟ್ಟಾವ. ಲಾರಿ ಹಚ್ಚಲೇ ಹಿಂದಕ. ಹಿಂದಕ ಹಿಂದಕ ಹಿಂದಕ, ಹೇ, ಗ್ವಾಡಿ."

ಬೆರಳು ಗೆರೆಯ ಮೇಲೆಯೇ ಓಡುತ್ತಿತ್ತು. ಗೆರೆ ಏರಿದಲ್ಲಿ ಏರಿತು, ಕುಪ್ಪಳಿಸಿದಲ್ಲಿ ಕುಪ್ಪಳಿಸಿತು, 'ಹಿಂದಕ'ಗಳು ಸಣ್ಣಸಣ್ಣ ಏಣುಗಳಾಗಿ ಇಳಿದು, ಎರಡನೇ ಹಾಳೆಯ ಕೊನೆಯಲ್ಲಿ ಗೋಡೆಯಂತಿದ್ದ ದಪ್ಪನೆಯ ಗೀಟಿಗೆ ಬಂದು 'ಗ್ವಾಡಿ'ಗೆ ಗುದ್ದಿತು. ಕಿಟಕಿಯಲ್ಲಿದ್ದ ಮಕ್ಕಳೂ ಜೊತೆಗೆ ಓದುತ್ತಿದ್ದರು. ದಿನಾ ಓದಿದ ಗೋಡೆ ಅದು, ಅವರಿಗೆ ಬಾಯಿಪಾಠ. ನಾನೊಬ್ಬ ಅಣಕಿಗನಾಗಿ ಹೇಳುತ್ತೇನೆ, ಆ ಹುಡುಗಿಯ ಮುಂದೆ ನಾನು ಏನೂ ಅಲ್ಲ. ದನಿ ಬಿಡಿ, ಉಸಿರು ಸಹ ಕೊಟ್ರಣ್ಣನದೇ. ಕೋಣೆಗೆ ಕೋಣೆಯೇ ಬಿದ್ದು ನಕ್ಕಿತು. ದಾದಾಪೀರ ಮಣೆಯಿಂದ ಜಾರಿದ.

ಕೊಟ್ರಣ್ಣ ನಗಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಮುಗಿಯಿತು, ಸೋಮವಾರದವರೆಗೂ ಕಾಯುವುದಿಲ್ಲ, ಈಗಲೇ ಕರೆದುಕೊಂಡು ಹೋಗುತ್ತಾನೆ ಅಂದುಕೊಂಡೆ. ಅವನು ಮಗಳ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಕೋಣೆಯಾಚೆ ಕೇಳದಷ್ಟು ಮೆಲ್ಲಗೆ, ನಾನು ಬರೇ ಒದರೋದನ್ನಷ್ಟೇ ಬರೆದೀಯೇನವ್ವಾ ಅಂದ.

ಸಿಂಚನಾ ಇಲ್ಲವೆಂದು ತಲೆಯಾಡಿಸಿದಳು. ಬೆರಳನ್ನು ಕೆಳಗಿನ ಅಂಚಿಗೆ ಇಳಿಸಿದಳು. ನಾನು ಇರುವೆ ಅಂದಿದ್ದ ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಪಿಸುದನಿಯಲ್ಲಿ ಓದಿದಳು.

"ಸಿಂಚು ಉಂಡ್ಳೇನು. ಸಿಂಚು ಮಕ್ಕೊಂಡ್ಳೇನು. ಲೈಟ್ ಆರಸು, ಎಚ್ಚರ ಆದಾಳು."

ಲೆಕ್ಕ ಮುಗಿಸಿ ಹೊತ್ತಾಗಿ ಮನೆಗೆ ಬರುವ ಅಪ್ಪ ಬಾಗಿಲಲ್ಲೇ ನಿಂತು ಅವ್ವನನ್ನು ಕೇಳುವ ಮಾತು ಅದು. ಮಗಳು ನಿದ್ದೆ ಹೋಗಿದ್ದಾಳೆ ಅಂತ ಅವನು ತಿಳಿದಿದ್ದ. ಕೊಟ್ರಣ್ಣ ಆ ಚುಕ್ಕೆಗಳನ್ನೇ ನೋಡುತ್ತ ಕೂತ. ಆಮೇಲೆ ತಾನೂ ಒಂದು ಚುಕ್ಕೆಯ ಮೇಲೆ ಬೆರಳಿಟ್ಟ.

ನಾಗಮ್ಮಜ್ಜಿ ಮಾತ್ರ ಕೆರೆಯ ಆಚೆ ದಂಡೆಗೆ ಮುಟ್ಟುವ ತನ್ನ ಎಂದಿನ ದನಿಯಲ್ಲಿ ಹೇಳಿದಳು: "ಕೊಟ್ರಾ, ನಿನ್ನ ಒದರಾಟಾನೂ ಓದ್ಯಾಳ, ಪಿಸುಮಾತೂ ಓದ್ಯಾಳ. ಆ ವ್ಯಾನಿನ್ಯಾಗ ಕುಂತು ಇನ್ನೇನು ಓದಬೇಕಲೇ ಆಕಿ?"

ಅವನು ಎದ್ದು ಪಂಚೆ ಕೊಡವಿದ. ಸುಮ್ಮನೆ ಸೋಲುವ ಮನುಷ್ಯನಲ್ಲ. ದೀಪಾವಳಿಯೊಳಗೆ ನನ್ನ ಮಗಳು ತನ್ನ ಹೆಸರು ಬರೆಯಬೇಕು ಅಂತ ಅಕ್ಕೋರಿಗೆ ಷರತ್ತು ಹಾಕಿದ. ದಸರೆಯೊಳಗೆ ನಿನ್ನ ಹೆಸರನ್ನೂ ಬರೆಯುತ್ತಾಳೆ ಹೋಗು ಅಂತ ಅಕ್ಕೋರು ತಮ್ಮ ಮಾಮೂಲು ಜಂಬದಲ್ಲಿ ಒಪ್ಪಿಕೊಂಡರು. ಬರೆದಳು ಕೂಡ, 'ಕೊಟ್ರಣ್ಣ'ದ ಒತ್ತುಗಳನ್ನು ಮಾತ್ರ ಅಪ್ಪನ ದನಿಯಷ್ಟೇ ದೊಡ್ಡದಾಗಿ ಬರೆದಳು. ಸಭೆಯ ದಿನವೇ ಅವನು ಅಲ್ಲೇ ಬಾಗಿಲಲ್ಲಿ ನಿಂತು ವ್ಯಾನಿನವನಿಗೆ ಫೋನು ಹಚ್ಚಿ, ಬರುವುದು ಬೇಡ ಅಂತ ಊರಿಗೆಲ್ಲ ಕೇಳುವಂತೆ ಹೇಳಿದ. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ಕಿಟಕಿಯಲ್ಲಿದ್ದ ಮಕ್ಕಳು ಅವನ ದನಿಯ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದರು.

ಎಲ್ಲರೂ ಹೋದ ಮೇಲೆ ನಾನು ಮಣೆಗಳನ್ನು ಜೋಡಿಸುತ್ತ ಅಕ್ಕೋರ ಹತ್ತಿರ ಹೋದೆ. ಅವರು ನೆಲಕ್ಕೆ ಬಿದ್ದ ಸೀಮೆಸುಣ್ಣದ ಚೂರುಗಳನ್ನು ಬ್ಯಾಗಿಗೆ ತುಂಬುತ್ತಿದ್ದರು. ಅಕ್ಕೋರೇ, ಯಾರೂ ನಂಬಲಿಲ್ಲ, ಆದರೆ ಆ ಮೆಸೇಜು ಖರೇನೇ ನನ್ನದು ಅಂದೆ. ಅವರು ತಲೆ ಎತ್ತಲಿಲ್ಲ. ಅವತ್ತು ಬಸ್ಸಿನಲ್ಲಿ ಕೂತಾಗಲೇ ಕೇಳಿದ್ದರಂತೆ. ತಮ್ಮ ದನಿ ಯಾವುದು, ತಮ್ಮದಲ್ಲದ್ದು ಯಾವುದು ಅಂತ ತಿಳಿಯದಷ್ಟು ವಯಸ್ಸಾಗಿಲ್ಲವಂತೆ. ಅಳಿಸಲು ಬೆರಳಿಟ್ಟವರು, ಪಾಠ ಚೆನ್ನಾಗಿದೆಯಲ್ಲ ಅನ್ನಿಸಿ ಬಿಟ್ಟರಂತೆ. ಅವರ ಕಾಲು ಮುಟ್ಟಿ, ಇನ್ನೆಂದೂ ನಿಮ್ಮ ದನಿ ತೆಗೆಯುವುದಿಲ್ಲ ಅಂತ ಆಣೆ ಮಾಡಲು ಹೋದೆ.

ಅಕ್ಕೋರು ಬ್ಯಾಗಿನ ಜಿಪ್ಪು ಎಳೆದು, ಹಣೆಯ ಕನ್ನಡಕವನ್ನು ಮೊದಲ ಸಲ ಮೂಗಿಗೆ ಇಳಿಸಿ ನನ್ನನ್ನು ನೋಡಿದರು.

"ಯಾಕಪ್ಪಾ ಬಿಡ್ತೀಯ? ದನಿ ಕದ್ದು ಆಗೈತೆ, ಅರ್ಧಕ್ಕೆ ನಿಲ್ಲಿಸಬೇಡ. ಸೋಮವಾರದಿಂದ ಕ್ಲಾಸೂ ಕದಿ."